ಬಾಗಿಲ ಹಿಂದಿನ ಮೊಳೆ

ಮುಳ್ಳೇರಿಯ
16 ಜೂನ್ 2024

ಪ್ರೀತಿಯ ಯತಿನ್,

ಪತ್ರದ ಮೊದಲಿಗೆ ‘ಇತ್ತ ಕ್ಷೇಮ’ ಎಂದು ಬರೆಯುವುದು ನಮಗೆ ಶಾಲೆಯಲ್ಲಿ ಕಲಿಸಿದ ಕ್ರಮ. ನಾನು ‘ಇತ್ತ ತೇವ’ ಎಂದು ಬರೆಯುತ್ತೇನೆ. ನನ್ನ ಮಡಿಲು ತೇವ, ಚಾಪೆ ತೇವ, ಹಗ್ಗ ತೇವ, ಈ ಕಾಗದದ ಎಡಮೂಲೆಯೂ ತೇವ. ಎಲ್ಲಕ್ಕೂ ಮಳೆಯನ್ನು ದೂರುವ ಹಾಗಿಲ್ಲ. ಅರ್ಧ ನಿನ್ನ ಮಗಳ ಕೆಲಸ.

ಬಜಪೆಯಲ್ಲಿ ವಿಮಾನ ಹತ್ತುವ ಮೊದಲು ನೀನು ಹೇಳಿದ್ದು ಮರೆತಿಲ್ಲ. ‘ಅಕ್ಕ, ಫೋನ್ ಮಾಡಬೇಡಿ, ಫೋಟೋ ಕಳಿಸಬೇಡಿ. ಅದು ಅಳುವುದು ಕೇಳಿದರೆ ನನಗೆ ಅಲ್ಲಿ ಕೆಲಸ ಮಾಡಲಿಕ್ಕೆ ಆಗುವುದಿಲ್ಲ. ಎಂತಾದರೂ ಬೇಕಿದ್ದರೆ ಬರೆಯಿರಿ.’ ಮಗಳನ್ನು ‘ಅದು’ ಎಂದೆ. ಹೋಗಲಿ. ‘ಬರೆಯಿರಿ’ ಎಂದದ್ದನ್ನು ನಾನು ಹಿಡಿದುಕೊಂಡೆ. ಕನ್ನಡ ಬಿ.ಎ. ಮಾಡಿ ಬಸ್‌ಸ್ಟ್ಯಾಂಡಿನ ಹಿಂದೆ ಸೀರೆಗೆ ಫಾಲ್ ಹೊಲಿಯುತ್ತಾ ಕೂತವಳಿಗೆ ಬರೆಯಿರಿ ಎಂದವನು ಇಷ್ಟು ವರ್ಷಗಳಲ್ಲಿ ನೀನೊಬ್ಬನೇ. ಅನುಭವಿಸು.

ಉಜ್ವಲಾ ಹೋಗಿ ಎರಡು ತಿಂಗಳಾಯಿತು. ಮಗು ಬಂದೂ ಅಷ್ಟೇ. ಹೆರಿಗೆಗೆಂದು ತಂಗಿಯನ್ನು ಕರೆದುಕೊಂಡು ಹೋಗುವಾಗ ಆಟೋದಲ್ಲಿ ಮೂವರಿದ್ದೆವು, ಅಮ್ಮ, ನಾನು, ಅವಳು. ಬರುವಾಗಲೂ ಮೂವರು. ಎಣಿಕೆ ಸರಿ, ಆಳು ಬೇರೆ.

ನಮ್ಮಲ್ಲಿ ಹೆರುವ ಮೊದಲು ಮಗುವಿಗೆಂದು ಏನೂ ಹೊಲಿಯಬಾರದು ಎಂಬುದು ನಿನಗೂ ಗೊತ್ತು. ಮುಳ್ಳೇರಿಯದ ಅರ್ಧ ಮಕ್ಕಳ ಅಂಗಿಗೆ ಗುಂಡಿ ಇಟ್ಟವಳು ನಾನು. ತಂಗಿಯ ಮಗು ಬಂದ ದಿನ ನನ್ನ ಮನೆಯಲ್ಲಿ ಒಂದು ಲಂಗೋಟಿ ಇರಲಿಲ್ಲ. ಹೊಸ ಬಟ್ಟೆಯೂ ಆಗದು. ಉಟ್ಟು, ಒಗೆದು, ಮೆತ್ತಗಾದ ಹಳತೇ ಆಗಬೇಕು. ಬದುಕಿ ಬಾಳಿದವರ ಬಟ್ಟೆಯಾದರೆ ಮಗುವಿಗೂ ಆಯುಸ್ಸು ಎಂದು ಅಮ್ಮ ಎಲ್ಲ ಕಡೆಗೂ ಹೇಳಿ ಕಳಿಸಿದಳು. ಪುತ್ತಿಗೆಯಿಂದ ತೊಂಬತ್ತು ದಾಟಿದ ಅಜ್ಜನ ಪಂಚೆ ಬಂತು. ಆಚೆಮನೆಯ ಅಜ್ಜಿ ತನ್ನ ಸೀರೆ ಕೊಟ್ಟಳು. ನಿನ್ನ ಮಗಳು ಈಗ ಊರ ಹಿರಿಯರೆಲ್ಲರ ಮೇಲೂ ಪಕ್ಷಪಾತವಿಲ್ಲದೆ ಹೊಯ್ಯುತ್ತಿದ್ದಾಳೆ.

ಉಚ್ಚೆ ಹೊಯ್ಯಲು ಹೆಚ್ಚೇನು ಬೇಕು?
ಬೆಚ್ಚನೆ ಮಡಿಲೊಂದಿದ್ದರೆ ಸಾಕು.

ಚಾಪೆಗೆ ಹಾಸಲು ಮೆಡಿಕಲ್ ಶಾಪಿನಿಂದ ರಬ್ಬರ್ ಶೀಟು ಕೊಂಡು ತಂದೆ. ಸುತ್ತ ಎತ್ತ ನೋಡಿದರೂ ರಬ್ಬರ್ ಮರ, ತೋಟದವರ ಅಂಗಳದಲ್ಲೆಲ್ಲ ಶೀಟು ಒಣಹಾಕಿರುತ್ತಾರೆ, ಆದರೂ ಕೊಳ್ಳಬೇಕು. ತೋಟದ ಶೀಟಿನ ನಾತಕ್ಕೆ ಮಗುವೇನು, ಮಗುವಿನ ಅಜ್ಜಿಯೂ ಎದ್ದು ಓಡುತ್ತಾಳೆ.

ಸ್ನಾನ ಅಮ್ಮನದು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಮಲಗಿಸಿಕೊಂಡು, ಕಾಯಿಹಾಲು ಕಾಯಿಸಿ ತೆಗೆದ ಎಣ್ಣೆ ಹಚ್ಚುತ್ತಾಳೆ. ಉಜ್ವಲಾಳ ತಲೆಗೆ ಹಚ್ಚುತ್ತಿದ್ದದ್ದೂ ಇದೇ ಎಣ್ಣೆ. ತಳ ಸ್ವಲ್ಪ ಹಿಡಿದು ಕರ್ರಗಾಗುವವರೆಗೆ ಒಲೆಯಿಂದ ಇಳಿಸುವುದಿಲ್ಲ ಎಂಬ ಅಮ್ಮನ ಹಟವೂ ಅದೇ. ಆಮೇಲೆ ಹೆಸರುಹಿಟ್ಟು, ಆಮೇಲೆ ಬೆಚ್ಚನೆ ನೀರು. ಕುತ್ತಿಗೆಯ ಮಡಿಕೆ, ಕಂಕುಳು, ತೊಡೆಯ ಸಂದು ಒತ್ತಿ ಒತ್ತಿ ಒಣಗಿಸುವುದು ನನ್ನ ಪಾಲು. ‘ಉಜ್ಜಬೇಡ, ಒತ್ತು. ಅವಳೆಂತ ಪಾತ್ರೆಯಾ?’ ಎಂದು ಅಮ್ಮ ದಿನಾ ಬೈಯುತ್ತಾಳೆ.

ಹೆಸರಿಟ್ಟಿಲ್ಲ. ಕಿವಿಯಲ್ಲಿ ಹೇಳಬೇಕಾದವನು ನೀನು. ಸದ್ಯಕ್ಕೆ ‘ಬಾಲೆ’ ಎಂದು ಕರೆಯುತ್ತೇವೆ. ಉಜ್ವಲಾಳ ಬೊಜ್ಜದ ಕ್ರಿಯೆಗಳು ಮುಗಿಯುವವರೆಗೆ ನೀನು ಇಲ್ಲೇ ಇದ್ದೆ. ಒಮ್ಮೆಯೂ ಅವಳನ್ನು ಎತ್ತಿಕೊಳ್ಳಲಿಲ್ಲ. ಕೋಣೆಯವರೆಗೆ ಬರುತ್ತಿದ್ದೆ, ಬಾಗಿಲನ್ನು ಹಿಡಿದು ನಿಲ್ಲುತ್ತಿದ್ದೆ, ಹೋಗುತ್ತಿದ್ದೆ.

ನಾನು ಕೇಳುವುದು ಇಷ್ಟೇ. ಒಮ್ಮೆ ಬಂದು ಅವಳನ್ನು ಎತ್ತಿಕೋ. ಉಳಿದದ್ದು ನಾವು ನೋಡಿಕೊಳ್ಳುತ್ತೇವೆ.

ಒದ್ದೆ ಕೈಯಿಂದ,
ಸೌದಾಮಿನಿ


ಸೋಹಾರ್, ಒಮಾನ್
8 ಜುಲೈ 2024

ಅಕ್ಕನಿಗೆ ನಮಸ್ಕಾರ.

ಪತ್ರ ಸಿಕ್ಕಿತು. ಬೇಕಾದದ್ದಿದ್ದರೆ ಬರೆಯಿರಿ ಎಂದಿದ್ದೆ. ನೀವು ಎಲ್ಲವನ್ನೂ ಬರೆದಿದ್ದೀರಿ. ಅರ್ಧ ಓದಿ ಮಡಚಿಟ್ಟೆ.

ಅತ್ತೆಯ ಮೊಣಕಾಲು ಹೇಗಿದೆ? ಅಂಗಡಿ ತೆರೆಯುತ್ತಿದ್ದೀರಾ? ಅದನ್ನು ಬರೆಯಿರಿ. ಮಗುವಿನ ವಿಷಯ ಬೇಡ. ಅದರ ಮೇಲೆ ನನಗೆ ಕೋಪ ಇಲ್ಲ ಅಕ್ಕ. ಜನ ಹಾಗೆ ತಿಳಿದುಕೊಂಡಿದ್ದಾರೆ, ನೀವು ತಿಳಿಯಬೇಡಿ. ಆದರೆ ಅದು ಹುಟ್ಟಿದ ದಿನ ಬೇರೆ, ಉಜ್ವಲಾ ಹೋದ ದಿನ ಬೇರೆ ಆಗಿದ್ದರೆ ಒಂದು ದಿನವನ್ನಾದರೂ ನಾನು ನೆನಪಿಟ್ಟುಕೊಳ್ಳಬಹುದಿತ್ತು.

ಇಲ್ಲಿ ಬಿಸಿಲಿಗೆ ಬರವಿಲ್ಲ. ಪ್ಯಾಂಟು ಒಗೆದು ಹಾಕಿ ಚಹಾ ಕುಡಿದು ಬರುವಾಗ ಒಣಗಿರುತ್ತದೆ. ನೀವು ಹಗ್ಗ ತೇವ ಎಂದು ಬರೆದದ್ದಕ್ಕೆ ಹೇಳಿದೆ, ಅಷ್ಟೇ.

ನಿಮ್ಮ
ಯತಿನ್


ಮುಳ್ಳೇರಿಯ
25 ಜುಲೈ 2024

ಪ್ರೀತಿಯ ಯತಿನ್,

ಅಮ್ಮನ ಮೊಣಕಾಲು ನೋಯುತ್ತದೆ. ಅಂಗಡಿ ತೆರೆಯುತ್ತೇನೆ, ಕತ್ತರಿಸುವ ಮೇಜಿನ ಪಕ್ಕ ತೊಟ್ಟಿಲು. ನೀನು ಕೇಳಿದ್ದು ಮುಗಿಯಿತು. ಇನ್ನು ನೀನು ಕೇಳದ್ದು.

ಆಟಿ ತಿಂಗಳ ಮಳೆ ಹೇಗೆ ಹೊಯ್ಯುತ್ತದೆ ಎಂದು ಅಲ್ಲಿ ಕೂತು ಮರೆತಿರಬಹುದು. ಹತ್ತು ದಿನವಾಯಿತು, ಸೂರ್ಯ ನಮ್ಮ ಕಡೆ ತಲೆ ಹಾಕಲಿಲ್ಲ.

ಹಗ್ಗದ ತುಂಬ ಬಟ್ಟೆ,
ಬಿಸಿಲಿಲ್ಲದೆ ಕೆಟ್ಟೆ!

ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿದೆ. ಬಟ್ಟೆ ಒಣಗಿತು, ಮಗು ಹೊಗೆಯಲ್ಲಿಟ್ಟ ಬಂಗುಡೆಯ ಹಾಗೆ ನಾರತೊಡಗಿತು. ಡೈಪರ್ ತಂದೆ. ಮೇಲಿಂದ ಒಣಗಿದ ಹಾಗೇ ಕಾಣುತ್ತದಲ್ಲ ಎಂದು ಹಗಲಿಡೀ ಒಂದನ್ನೇ ಬಿಟ್ಟೆ. ಸಂಜೆ ಬಿಚ್ಚಿದರೆ ತೊಡೆಯ ಸಂದು ತೊಂಡೆಹಣ್ಣು. ಆಶಾ ಕಾರ್ಯಕರ್ತೆ ಬಂದು ನೋಡಿ, ‘ಡೈಪರಿಗೆ ಯಾಕೆ ಬೈಯುವುದು? ದಿನಕ್ಕೆ ಒಂದೇ ಸಾಕೆಂದು ಅದರಲ್ಲಿ ಬರೆದುಂಟಾ? ಆಗಾಗ ಬದಲಿಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಬಟ್ಟೆಯಾದರೆ ಕುದಿಸಿ ಒಗೆಯಿರಿ, ಮೆತ್ತಗಿನದು ಮಾತ್ರ ಕಟ್ಟಿ’ ಎಂದು ನನ್ನ ಮರ್ಯಾದೆಯನ್ನೂ ಗಾಳಿಗೆ ಬಿಟ್ಟು ಹೋದಳು.

ಒಣಗಿಸಲು ಅಂಗಡಿಯ ಇಸ್ತ್ರಿಪೆಟ್ಟಿಗೆ ಇದೆ ಎಂದುಕೊಂಡರೆ ಕರೆಂಟು ಹೋಯಿತು. ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿ, ಗೆರಟೆಯ ಕೆಂಡ ತುಂಬಿ ಒಂದೊಂದೇ ಬಟ್ಟೆಯನ್ನು ಒತ್ತಿದೆ. ಒಣಗಿದವು, ಆದರೆ ಅಜ್ಜಂದಿರ ಪಂಚೆಗಳೆಲ್ಲ ಹಪ್ಪಳವಾದವು. ಸುಲಿದ ಚರ್ಮಕ್ಕೆ ಅದು ತಾಗಿದ ಕೂಡಲೇ ಅವಳು ಉಸಿರು ಸಿಕ್ಕಿಕೊಳ್ಳುವ ಹಾಗೆ ಅಳುತ್ತಿದ್ದಳು. ಎರಡು ದಿನ ಕೇಳಿದೆ. ಮೂರನೆಯ ದಿನ ಮನೆಯಲ್ಲಿ ಎಲ್ಲಕ್ಕಿಂತ ಮೆತ್ತಗಿನ ಬಟ್ಟೆ ಯಾವುದು ಎಂದು ಹುಡುಕಿದೆ. ಕೋಣೆಯ ಬಾಗಿಲ ಹಿಂದೆ ಮೊಳೆಯಲ್ಲಿ ತೂಗುತ್ತಿತ್ತು. ಉಜ್ವಲಾಳ ನೈಟಿ. ಹಳದಿಯದು, ಸಣ್ಣ ಕಂದು ಹೂವಿನದು. ಆಸ್ಪತ್ರೆಗೆ ಹೊರಡುವಾಗ ಬಿಚ್ಚಿ ಹಾಕಿದ್ದಳಲ್ಲ, ಅದು.

ಕವಿಗಳು ಸೀರೆಯ ಸೆರಗಿಗೆ ಬರೆದರು. ನೈಟಿಗೆ ಯಾರೂ ಬರೆಯಲಿಲ್ಲ. ಆದರೆ ಎರಡು ವರ್ಷ ತೊಟ್ಟು ಒಗೆದ ಹತ್ತಿಯ ನೈಟಿಯಷ್ಟು ಮೃದುವಾದದ್ದು ಈ ಲೋಕದಲ್ಲಿಲ್ಲ.

ಕುದಿಸಿ, ಒಗೆದು, ಕೆಂಡದ ಪೆಟ್ಟಿಗೆಯಲ್ಲಿ ಒಣಗಿಸಿ ಮೇಜಿನ ಮೇಲೆ ಹರಡುವಾಗ ಅಮ್ಮ ಬಂದಳು. ‘ತೀರಿಹೋದವಳ ಬಟ್ಟೆ ಮಗುವಿಗೆ ಆಗದು. ಎಂತ ಮಾಡುತ್ತಿದ್ದೀ ಮಾರಾಯ್ತಿ?’

‘ಒಂಬತ್ತು ತಿಂಗಳು ಅವಳನ್ನೇ ಹೊದ್ದುಕೊಂಡಿದ್ದ ಮಗು ಅಮ್ಮ. ಅವಳ ನೈಟಿ ಆಗದಾ?’

ಅಮ್ಮ ಒಳಗೆ ಹೋದಳು. ಕತ್ತರಿ ತಂದು ಕೊಟ್ಟಳು.

ಆರು ಲಂಗೋಟಿಯಾಯಿತು, ಎರಡು ಪುಟ್ಟ ಅಂಗಿಯಾಯಿತು. ಕಟ್ಟಿದ ಮೇಲೆ ಬಾಲೆ ಅಳಲಿಲ್ಲ ಯತಿನ್. ಒಮ್ಮೆ ನಿಟ್ಟುಸಿರು ಬಿಟ್ಟು, ಸಂಬಳ ಬಂದ ಗುಮಾಸ್ತನ ಹಾಗೆ ಮುಖ ಮಾಡಿ ನಿದ್ದೆಹೋದಳು. ಮೂರು ದಿನದಲ್ಲಿ ಕೆಂಪು ಇಳಿಯಿತು. ನಿನಗೆ ಸಮಾಧಾನವಾದೀತು ಎಂದು ಇಷ್ಟು ಉದ್ದ ಬರೆದೆ. ಉಜ್ವಲಾ ಹೋಗಿ ಮೊದಲ ಸಲ ಮಗುವಿಗೆ ಅವಳಿಂದ ಏನೋ ಸಿಕ್ಕಿತು ಅನ್ನಿಸಿತು.

ಒಣಗಿದ ಕೈಯಿಂದ,
ಸೌದಾಮಿನಿ


ಸೋಹಾರ್
27 ಜುಲೈ 2024

ಅಕ್ಕನಿಗೆ ನಮಸ್ಕಾರ.

ನಾನಾಗಿ ಬರೆಯುತ್ತಿದ್ದೇನೆ, ನಿಮ್ಮ ಪತ್ರ ಬರಲಿಲ್ಲ. ಒಂದು ಕೆಲಸ ಆಗಬೇಕು.

ಕೋಣೆಯ ಬಾಗಿಲ ಹಿಂದೆ ಮೊಳೆಯಲ್ಲಿ ಉಜ್ವಲಾಳ ಹಳದಿ ನೈಟಿ ಇದೆ. ನಾನು ಬಂದಾಗ ಅವಳು ಆಸ್ಪತ್ರೆಯ ಬಿಳಿ ಬಟ್ಟೆಯಲ್ಲಿ ಇದ್ದಳು. ಮೂಗಿಗೆ ಬಂದದ್ದು ಔಷಧಿಯ ವಾಸನೆ ಮಾತ್ರ. ಅವಳ ವಾಸನೆ ಉಳಿದದ್ದು ಆ ನೈಟಿಯಲ್ಲಿ. ಅಲ್ಲಿದ್ದಷ್ಟು ದಿನವೂ ಬಾಗಿಲವರೆಗೆ ಬರುತ್ತಿದ್ದೆನಲ್ಲ, ಅದಕ್ಕೇ. ಎಲ್ಲರೂ ನಾನು ಮಗುವನ್ನು ನೋಡಲಿಕ್ಕೆ ಬಂದು ಧೈರ್ಯ ಸಾಲದೆ ಹೋಗುತ್ತೇನೆ ಎಂದುಕೊಂಡಿರಿ.

ತೆಗೆದುಕೊಂಡು ಹೋಗಬೇಕೆಂದಿದ್ದೆ. ಕೆಲಸಗಾರರ ಕ್ಯಾಂಪಿನಲ್ಲಿ ಒಂದು ಕೋಣೆಗೆ ಆರು ಜನ. ಎಲ್ಲಿಡುವುದು? ಅಲ್ಲೇ ಇರಲಿ ಎಂದು ಬಿಟ್ಟೆ. ಈಗ ಮಳೆಗಾಲ, ಬೂಸಲು ಹಿಡಿಯಬಹುದು. ದಯವಿಟ್ಟು ಮಡಚಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಪೆಟ್ಟಿಗೆಯಲ್ಲಿಡಿ. ಒಗೆಯಬೇಡಿ ಅಕ್ಕ. ನಿಮಗೆ ಕಂಡದ್ದನ್ನೆಲ್ಲ ಒಗೆಯುವ ಅಭ್ಯಾಸ, ಅದಕ್ಕೇ ಹೇಳುತ್ತಿದ್ದೇನೆ.

ಬೇರೇನೂ ಬೇಡ ನನಗೆ.

ಯತಿನ್


ಮುಳ್ಳೇರಿಯ
16 ಆಗಸ್ಟ್ 2024

ಯತಿನ್,

ನಿನ್ನ ಪತ್ರ ಮೊನ್ನೆ ಸಿಕ್ಕಿತು. ನನ್ನದು ಅಷ್ಟರಲ್ಲಿ ನಿನಗೆ ಸಿಕ್ಕಿರಬೇಕು.

ಕುದಿಯುವ ನೀರಿಗೆ ಹಾಕುವ ಮೊದಲು ನಾನೂ ಅದನ್ನು ಮುಖಕ್ಕೆ ಒತ್ತಿಕೊಂಡಿದ್ದೆ. ಹೌದು, ಇತ್ತು. ಆಮೇಲೆ ಹಾಕಿದೆ. ಮಗು ಅಳುತ್ತಿತ್ತು.

ಹೊಲಿದು ಉಳಿದದ್ದು ಜೇಬು ಒಂದು. ಅದೂ ಒಗೆದದ್ದೇ. ಕಳಿಸಲೋ ಬೇಡವೋ ತಿಳಿಯದೆ ಇಟ್ಟಿದ್ದೇನೆ.

ಸೌದಾಮಿನಿ


ಮುಳ್ಳೇರಿಯ
29 ಸೆಪ್ಟೆಂಬರ್ 2024

ಯತಿನ್,

ಉತ್ತರವಿಲ್ಲ. ಸರಿ. ಬರೆಯಬೇಡಿ ಎಂದೂ ನೀನು ಹೇಳಿಲ್ಲವಾದ್ದರಿಂದ ಬರೆಯುತ್ತೇನೆ.

ಉಜ್ವಲಾಳನ್ನು ಸುಟ್ಟು ಬಂದ ಸಂಜೆ ನೀವೆಲ್ಲ ಹೊರಗೆ ಕುರ್ಚಿಗಳಲ್ಲಿ ಕೂತಿದ್ದಿರಿ. ನಾನು ಹಿತ್ತಿಲಲ್ಲಿ ಅವಳ ಹಾಸು, ಹೊದಿಕೆ, ದಿಂಬಿನ ಕವರು ಎಲ್ಲ ಒಗೆದೆ. ಬಂದ ನೆಂಟರು ಮೈಯೊರೆಸಿದ ತೋರ್ತುಗಳನ್ನೂ ಒಗೆದೆ. ‘ಇವಳಿಗೆ ಒಂದು ಹನಿ ಕಣ್ಣೀರು ಬರಲಿಲ್ಲ, ನೋಡಿ’ ಎಂದು ಯಾರೋ ಹೇಳಿದ್ದು ಕೇಳಿಸಿತು. ಒಬ್ಬೊಬ್ಬರಿಗೆ ಒಂದೊಂದು ದಾರಿ. ನನಗೆ ಗೊತ್ತಿದ್ದದ್ದು ಅದು. ಬಾಗಿಲ ಹಿಂದಿನದನ್ನು ಮಾತ್ರ ಅವತ್ತು ಮುಟ್ಟಲಿಲ್ಲ. ಮುಟ್ಟದೇ ಮೂರು ತಿಂಗಳು ಇಟ್ಟವಳು ಇನ್ನೊಂದು ತಿಂಗಳು ಇಡಬಹುದಿತ್ತು ಎಂದು ನೀನು ಹೇಳಬಹುದು. ನಾನೂ ಹೇಳಿಕೊಳ್ಳುತ್ತೇನೆ. ಹೇಳಿಕೊಳ್ಳುವಾಗ ತೊಟ್ಟಿಲಿನಿಂದ ಅಳು ಬರುತ್ತದೆ, ಎದ್ದು ಹೋಗುತ್ತೇನೆ.

ಬಾಲೆ ಮಗುಚಿಕೊಳ್ಳುತ್ತಾಳೆ. ಮಗುಚಿಕೊಂಡು ವಾಪಸು ಬರಲು ಗೊತ್ತಿಲ್ಲ.

ನಿನ್ನ ಕ್ಯಾಂಪಿನ ಹರಿನಾಥ ರಜೆಯಲ್ಲಿ ಪುತ್ತಿಗೆಗೆ ಬಂದವನು ಇವತ್ತು ಇಲ್ಲಿಗೂ ಬಂದಿದ್ದ. ಹೊರಡುವ ದಿನ, ದಾರಿಯಲ್ಲಿ ಇಳಿದದ್ದು. ಅವನ ಕೈಯಲ್ಲಿ ನಿನ್ನ ಪತ್ರ ಇದೆಯೇನೋ ಎಂದು ನೋಡಿದೆ. ಖರ್ಜೂರ ಇತ್ತು. ‘ಅವ ಮಾತೇ ಆಡುವುದಿಲ್ಲ ಅಕ್ಕ’ ಎಂದ. ‘ಡ್ಯೂಟಿಗೆ ಹೋಗುತ್ತಾನೆ, ಬರುತ್ತಾನೆ, ಗೋಡೆ ನೋಡುತ್ತಾನೆ. ನಿಮ್ಮ ಪತ್ರಗಳು ದಿಂಬಿನ ಅಡಿಯಲ್ಲಿ ಉಂಟು. ಓದುತ್ತಾನೋ ಎಂತೋ ಗೊತ್ತಿಲ್ಲ.’

ಅಮ್ಮ ಆಗಷ್ಟೇ ಎಣ್ಣೆ ಹಚ್ಚಿದ್ದಳು. ಹರಿನಾಥ ಬಾಲೆಯನ್ನು ಎತ್ತಿಕೊಂಡ. ಅವಳು ಅವನ ಭುಜದ ಮೇಲೆ ತಲೆಯಿಟ್ಟು, ಸ್ವಲ್ಪ ಹಾಲು ಕಕ್ಕಿ, ಬೆಚ್ಚಗೆ ಒದ್ದೆಯನ್ನೂ ಮಾಡಿದಳು. ಇಸ್ತ್ರಿ ಮಾಡಿದ ನೀಲಿ ಶರ್ಟು. ‘ಬಿಚ್ಚು, ಒಗೆದು ಕೊಡುತ್ತೇನೆ’ ಎಂದೆ. ‘ವಿಮಾನ ನಿಮ್ಮ ಹಗ್ಗಕ್ಕೆ ಕಾಯುತ್ತದಾ ಅಕ್ಕ?’ ಎಂದು ನಗುತ್ತಾ ಬೇರೆ ಶರ್ಟು ಹಾಕಿಕೊಂಡು, ಇದನ್ನು ಕವರಿನಲ್ಲಿ ಸುತ್ತಿ ಬ್ಯಾಗಿಗೆ ತುರುಕಿದ. ನನ್ನ ಕಣ್ಣೆದುರು ಒಗೆಯದೆ ಹೋದ ಬಟ್ಟೆ ಅದೊಂದೇ.

ಸೌದಾಮಿನಿ


ಸೋಹಾರ್
25 ಅಕ್ಟೋಬರ್ 2024

ಅಕ್ಕ,

ಹೇಗೆ ಶುರುಮಾಡುವುದು ಗೊತ್ತಾಗುವುದಿಲ್ಲ.

ಹರಿನಾಥ ಬಂದು ಬ್ಯಾಗು ತೆರೆದ. ಕವರು ಬಿಚ್ಚಿದ ಕೂಡಲೇ ಕೋಣೆಯವರೆಲ್ಲ ಬೊಬ್ಬೆ. ‘ಎಂತ ಮಾರಾಯ, ಒಣಮೀನು ತಂದದ್ದಾ?’ ಹುಳಿ ಹಾಲು, ಉಚ್ಚೆ. ‘ಇದು ಇವನ ಮಗಳ ಕೊಡುಗೆ’ ಎಂದು ಅವ ಶರ್ಟನ್ನು ನನ್ನ ಮೇಲೆ ಎಸೆದ. ನಾನೇ ಒಗೆದು ಕೊಡುತ್ತೇನೆ ಎಂದು ಹೊರಗೆ ನಲ್ಲಿಯ ಹತ್ತಿರ ಹೋದೆ. ಬಕೆಟಿಗೆ ನೀರು ಬಿಟ್ಟೆ. ಭುಜದ ಹತ್ತಿರ ಎಣ್ಣೆಯ ಕಲೆ ಇತ್ತು, ದುಂಡಗೆ, ಅವಳು ತಲೆಯಿಟ್ಟ ಜಾಗ. ಸೋಪು ಅಲ್ಲಿಂದ ಶುರುಮಾಡಬೇಕೆಂದು ಹತ್ತಿರ ಹಿಡಿದೆ.

ಅತ್ತೆಯ ಎಣ್ಣೆ ಅಕ್ಕ. ತಳ ಹಿಡಿದ ವಾಸನೆ. ಉಜ್ವಲಾಳ ದಿಂಬು ಹಾಗೇ ಇರುತ್ತಿತ್ತು. ನಾನು ಎಷ್ಟು ಸಲ ತಮಾಷೆ ಮಾಡಿದ್ದೇನೆ, ನಿಮ್ಮ ಮನೆಯವರಿಗೆ ಎಣ್ಣೆ ಕಾಯಿಸಲಿಕ್ಕೂ ಬರುವುದಿಲ್ಲ ಎಂದು.

ನಲ್ಲಿ ನಿಲ್ಲಿಸಿದೆ. ಹರಿನಾಥನಿಗೆ ಬೇರೆ ಶರ್ಟು ಕೊಡಿಸಿದೆ. ಇದು ನನ್ನ ಹತ್ತಿರ ಇದೆ. ಒಗೆದಿಲ್ಲ. ಕೋಣೆಯವರು ಬೈಯುತ್ತಾರೆ, ಬೈಯಲಿ.

ಅವತ್ತು ನಿಮ್ಮ ಪತ್ರಗಳನ್ನು ಮೊದಲಿನಿಂದ ಓದಿದೆ. ಮೊದಲು ಅರ್ಧಕ್ಕೆ ಬಿಟ್ಟದ್ದನ್ನೂ. ನಿಮ್ಮ ಮೇಲೆ ಕೋಪ ಇತ್ತು, ಸುಳ್ಳು ಹೇಳುವುದಿಲ್ಲ. ಈಗ ಇಲ್ಲ. ಅವಳಿಗೆ ಚರ್ಮ ಸುಲಿದಿತ್ತು, ನಾನು ವಾಸನೆ ಕಾಯಬೇಕು ಎಂದು ಬರೆದೆ.

ಕಳೆದ ಎರಡು ಪತ್ರಗಳಲ್ಲಿ ಪ್ರಾಸವೇ ಇಲ್ಲ. ಉಜ್ವಲಾ ಇದ್ದಿದ್ದರೆ ಅಕ್ಕನಿಗೆ ಜ್ವರ ಉಂಟಾ ನೋಡಿ ಎನ್ನುತ್ತಿದ್ದಳು.

ಹೆಣ್ಣಾದರೆ ಧೃತಿ ಎಂದು ಅವಳು ಹೇಳಿದ್ದಳು. ಕಿವಿಯಲ್ಲಿ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ನೀವು ಕರೆಯಬೇಡಿ. ಫೆಬ್ರವರಿಯಲ್ಲಿ ರಜೆ ಕೇಳಿದ್ದೇನೆ. ಎಲ್ಲ ಬರೆಯಿರಿ. ಏನು ತಿನ್ನುತ್ತಾಳೆ, ಹೇಗೆ ಮಲಗುತ್ತಾಳೆ, ಎಲ್ಲ.

ನಿಮ್ಮ
ಯತಿನ್


ಮುಳ್ಳೇರಿಯ
20 ನವೆಂಬರ್ 2024

ಪ್ರೀತಿಯ ಯತಿನ್,

ಜ್ವರ ಇತ್ತು. ಬಿಟ್ಟಿದೆ.

ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಎಣ್ಣೆಯ ಸಾಲು ಬಂದಾಗ ಅವಳು ಎದ್ದು ಒಳಗೆ ಹೋದಳು. ಬಂದು, ‘ಎಣ್ಣೆ ಕಾಯಿಸಲಿಕ್ಕೆ ಬರುವುದಿಲ್ಲ ಎಂದು ಬರೆದಿದ್ದಾನಾ? ಬರಲಿ ಅವ’ ಎಂದಳು. ಮಾರನೆಯ ದಿನ ಆರು ಕಾಯಿ ಒಡೆದಳು.

ಬಾಲೆ ಕೂರುತ್ತಾಳೆ. ಅಕ್ಕಿ ಗಂಜಿ, ಒಣಗಿಸಿದ ನೇಂದ್ರ ಬಾಳೆಕಾಯಿಯ ಹಿಟ್ಟು ತಿನ್ನುತ್ತಾಳೆ. ಅರ್ಧ ತನಗೆ, ಅರ್ಧ ನನ್ನ ಕುಪ್ಪಸಕ್ಕೆ. ಮಲಗುವಾಗ ಎಡಗೈಯಲ್ಲಿ ಬಟ್ಟೆಯ ತುದಿ ಹಿಡಿದುಕೊಳ್ಳಬೇಕು, ಅದೂ ಹಳದಿಯದ್ದೇ. ಉಳಿದ ಯಾವ ಬಣ್ಣ ಕೊಟ್ಟರೂ ಎಸೆಯುತ್ತಾಳೆ. ಒದ್ದೆಯಾದರೆ ಈಗ ಅಳುವುದಿಲ್ಲ, ನನ್ನ ಮುಖ ನೋಡುತ್ತಾಳೆ, ನಾನೇ ಏನೋ ಮಾಡಿದ ಹಾಗೆ.

ಹೊಯ್ದವಳು ನೀನೇ, ನೋಡುವುದು ನನ್ನ;
ಒಗೆದವಳು ನಾನೇ, ಮರೆಯದಿರು ಚಿನ್ನ.

ಎರಡನೆಯ ಸಾಲು ಬರೆದ ಮೇಲೆ ಅಳಿಸೋಣ ಎಂದುಕೊಂಡೆ. ಪೆನ್ನಿನಲ್ಲಿ ಬರೆದದ್ದು, ಇರಲಿ.

ಬಾ. ಬೇಗ ಬಾ. ಆ ಹೆಸರನ್ನು ನಾಲಗೆಯ ತುದಿಯಲ್ಲಿ ಹಿಡಿದುಕೊಂಡು ತಿರುಗುವುದು ಕಷ್ಟ.

ಇಂತು ನಿನ್ನ ಅಕ್ಕ,
ಸೌದಾಮಿನಿ


ಸೋಹಾರ್
5 ಜನವರಿ 2025

ಅಕ್ಕನಿಗೆ ನಮಸ್ಕಾರ.

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ.

ನನ್ನ ಅಕ್ಕ ಪೂಜಾಶ್ರೀಯ ಗಂಡನಿಗೆ ಸೋಹಾರಿಗೇ ವರ್ಗವಾಗಿದೆ. ದೊಡ್ಡ ಫ್ಲಾಟು. ಅವಳಿಗೆ ಎರಡು ಮಕ್ಕಳು, ನನ್ನ ಅಮ್ಮನೂ ಅವಳ ಜೊತೆ ಇರಲಿಕ್ಕೆ ಬರುತ್ತಾರೆ. ಕ್ಯಾಂಪು ಬಿಟ್ಟು ನಾನೂ ಅಲ್ಲಿರಬಹುದು. ಮಗಳಿಗೆ ವೀಸಾ ಆಗುತ್ತದಂತೆ.

ಒಮ್ಮೆ ಬಂದು ಎತ್ತಿಕೋ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದು ನೀವು ಬರೆದಿದ್ದಿರಿ. ಎತ್ತಿಕೊಂಡ ಮೇಲೆ ಕೆಳಗಿಟ್ಟು ಬರಲಿಕ್ಕೆ ನನ್ನಿಂದ ಆಗುವುದಿಲ್ಲ ಅಕ್ಕ. ಈಗಲೇ ಗೊತ್ತು.

ಆದರೆ ನೀವು ಬೇಡ ಎಂದರೆ ಬೇಡ. ನಿಮ್ಮ ಮಾತು ಕೊನೆ. ಇದು ಬಾಯಿಮಾತಲ್ಲ.

ಯತಿನ್


ಮುಳ್ಳೇರಿಯ
27 ಜನವರಿ 2025

ಪ್ರೀತಿಯ ಯತಿನ್,

ಮಗಳು ನಿನ್ನವಳು. ಬಂದು ಕರೆದುಕೊಂಡು ಹೋಗು.

ಅಮ್ಮ ಏನು ಹೇಳಿದಳು ಎಂದು ಕೇಳಬೇಡ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ‘ಬೇಡ ಎಂದು ಒಂದು ಅಕ್ಷರ ಬರೆದರೆ ಸಾಕಲ್ಲ, ಅಷ್ಟುದ್ದ ಬರೆಯುವವಳಿಗೆ’ ಎಂದಳು ಮೂರನೆಯ ದಿನ. ಆಮೇಲೆ ಎಣ್ಣೆ ಕಾಯಿಸಲು ಕೂತಳು, ನಿಮಗೆ ಕಳಿಸಲು.

ಹೊಸದಾಗಿ ಒಂದು ಡಜನ್ ಲಂಗೋಟಿ ಹೊಲಿಯುತ್ತಿದ್ದೇನೆ. ಅಲ್ಲಿ ಬಿಸಿಲಿದೆಯಲ್ಲ. ಬೇಗ ಒಣಗುತ್ತದೆ.

ಸೌದಾಮಿನಿ


ಮುಳ್ಳೇರಿಯ
9 ಮಾರ್ಚ್ 2025

ಪ್ರೀತಿಯ ಯತಿನ್,

ಇತ್ತ ಎಲ್ಲವೂ ಒಣಗಿದೆ. ಮಡಿಲು, ಚಾಪೆ, ಹಗ್ಗ.

ತಲುಪಿದ ದಿನ ನೀನು ಫೋನ್ ಮಾಡಿದಾಗ ನಾನು ಸರಿಯಾಗಿ ಮಾತಾಡಲಿಲ್ಲ. ಹಿಂದಿನಿಂದ ಅವಳು ಅಳುವುದು ಕೇಳುತ್ತಿತ್ತು. ನೀನು ಬಜಪೆಯಲ್ಲಿ ಹೇಳಿದ್ದು ನನಗೆ ಆಗ ಅರ್ಥವಾಯಿತು. ಆದ್ದರಿಂದ ಈಗ ನನ್ನ ಸರದಿ. ಫೋನ್ ಬೇಡ, ಫೋಟೋ ಬೇಡ, ಸ್ವಲ್ಪ ಕಾಲ. ಬರೆ.

ನೀನು ಬಂದ ದಿನ ಮತ್ತೆ ಬಾಗಿಲು ಹಿಡಿದೇ ನಿಂತೆ. ಅಮ್ಮನೇ ಗದರಿದಳು, ‘ಎಂತ ನಿಂತದ್ದು? ಕೂರು, ಕಾಲು ಚಾಚು.’ ಎಣ್ಣೆ ಮೆತ್ತಿದ ಮಗುವನ್ನು ನಿನ್ನ ಪ್ಯಾಂಟಿನ ಮೇಲೆ ಮಲಗಿಸಿದಳು. ನಿನ್ನ ಕೈ ಎಲ್ಲಿಡಬೇಕೆಂದು ನಿನಗೆ ತಿಳಿಯಲಿಲ್ಲ. ಅವಳು ತನ್ನ ಪದ್ಧತಿಯಂತೆ ಸ್ವಾಗತ ಮಾಡಿದಳು. ನೀನು ಏಳಲಿಲ್ಲ. ಬಗ್ಗಿ ಅವಳ ನೆತ್ತಿಯನ್ನು ಮೂಸಿದೆ, ಆಮೇಲೆ ಕಿವಿಯಲ್ಲಿ ಹೆಸರು ಹೇಳಿದೆ. ನಾನು ಬಿಸಿನೀರು ತರುವ ನೆಪದಲ್ಲಿ ಹೊರಗೆ ಹೋದೆ. ನೀರು ಅಲ್ಲೇ ಇತ್ತು.

ನಾಲ್ಕೈದು ದಿನದಲ್ಲಿ ಅವಳು ನನ್ನ ಕೈಯಿಂದ ನಿನ್ನ ಕಡೆಗೆ ವಾಲತೊಡಗಿದಳು. ನಾನು ಇಷ್ಟು ಕಾಲ ಬರೆದದ್ದು ಅದಕ್ಕೇ. ಬರೆದದ್ದು ಫಲಿಸಿತು. ಫಲಿಸಿದಾಗ ಹೀಗಿರುತ್ತದೆ ಎಂದು ಬರೆಯುವಾಗ ಯೋಚಿಸಿರಲಿಲ್ಲ.

ವಿಮಾನ ನಿಲ್ದಾಣದಲ್ಲಿ ನೀನೇ ಡೈಪರ್ ಬದಲಿಸಿದೆ. ಎಡಬದಿಯ ಪಟ್ಟಿ ಸ್ವಲ್ಪ ಓರೆಯಾಗಿತ್ತು, ಸೋರುವಷ್ಟಲ್ಲ. ಸರಿಮಾಡಲು ನನ್ನ ಕೈ ಮುಂದೆ ಹೋಯಿತು. ಹಿಂದೆ ತೆಗೆದುಕೊಂಡೆ. ನೀನು ನೋಡಲಿಲ್ಲ, ಒಳ್ಳೆಯದಾಯಿತು.

ಅಲ್ಲಿ ಏಸಿ ಇರುತ್ತದೆ. ಸ್ನಾನವಾದ ಕೂಡಲೇ ಅದರ ಎದುರು ಹಿಡಿಯಬೇಡ. ಕುತ್ತಿಗೆಯ ಮಡಿಕೆಯನ್ನು ಒತ್ತಿ ಒರೆಸು, ಉಜ್ಜಬೇಡ. ಎಣ್ಣೆ ಮುಗಿಯುವ ಮೊದಲೇ ತಿಳಿಸು, ಅಮ್ಮ ಕಾಯುತ್ತಿದ್ದಾಳೆ. ಹಳದಿ ತುಂಡುಗಳಲ್ಲಿ ಐದನ್ನು ಕಟ್ಟಿಕೊಟ್ಟಿದ್ದೇನೆ. ನಿದ್ದೆ ಬಾರದಿದ್ದರೆ ಎಡಗೈಗೆ ಕೊಡು.

ಪ್ರಾಸ ಎಲ್ಲಿ ಎಂದು ಕೇಳುತ್ತೀಯೇನೋ. ಅವಳ ಹೆಸರಿಗೇ ಹುಡುಕುತ್ತಿದ್ದೆ. ಧೃತಿಗೆ ಕೃತಿ ಎಂದು ಬರುತ್ತದೆ, ಶ್ರುತಿ ಎಂದು ಬರುತ್ತದೆ. ಸ್ಮೃತಿ ಎಂದೂ ಬರುತ್ತದೆ. ಅದು ಬಂದ ಮೇಲೆ ಹುಡುಕುವುದನ್ನು ಬಿಟ್ಟೆ.

ಆರನೆಯ ತುಂಡು ಎಲ್ಲಿ ಎಂದು ನೀನು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಹೊರಡುವ ಬೆಳಿಗ್ಗೆ ಹೊಸ ಫ್ರಾಕು ಹಾಕಿಸುವಾಗ ಕೊನೆಗೆ ಬಿಚ್ಚಿದ್ದು ಅದು. ಒದ್ದೆಯಾಗಿತ್ತು. ಹೊರಗೆ ಕಾರು ಹಾರ್ನ್ ಹಾಕುತ್ತಿತ್ತು. ಕೈಗೆ ಹತ್ತಿರವಿದ್ದದ್ದು ಬಾಗಿಲ ಹಿಂದಿನ ಮೊಳೆ, ಅದಕ್ಕೆ ಸಿಕ್ಕಿಸಿ ಓಡಿ ಬಂದೆ.

ನಿನ್ನೆ ಅಮ್ಮ ಕೇಳಿದಳು, ‘ಅದೊಂದು ಉಂಟಲ್ಲ, ಒಗೆಯುವುದಿಲ್ಲವಾ?’

‘ಒಗೆಯುತ್ತೇನೆ’ ಎಂದೆ.

ಬಿಸಿಲು ಚೆನ್ನಾಗಿದೆ. ನೀರಿದೆ, ಸೋಪಿದೆ. ಹಗ್ಗದಲ್ಲಿ ಬೇಕಾದಷ್ಟು ಜಾಗವೂ ಇದೆ.

ಇಂತು,
ಧೃತಿಯ ದೊಡ್ಡಮ್ಮ
ಸೌದಾಮಿನಿ